“ಟೆನ್ ನೈಂಟಿಯೇಟ್ ಬಂದ್ಲು ಕಣ್ರೋ!”

ಹಾಸನದ ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕ ಮೊದಲ ಬಿರುದು ಇದು. ಹೆಗಲಿಗೆ ಹಾಕಿಕೊಂಡಿದ್ದ ಚೀಲದ ಮೇಲೆ ಮಕ್ಕಳ ಸಹಾಯವಾಣಿಯ ನಂಬರು, 1098, ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಒಳಗೆ ಕಾಲಿಡುವಷ್ಟರಲ್ಲಿ ಯಾವನೋ ಒಬ್ಬ ಕೂಗುತ್ತಿದ್ದ, ಐದಾರು ಹುಡುಗರು ಬಸ್ಸುಗಳ ಸಂದಿಯಲ್ಲಿ ಮಾಯವಾಗುತ್ತಿದ್ದರು. ಮಕ್ಕಳ ರಕ್ಷಣೆಗೆ ಅಂತ ಎಂಎಸ್‌ಡಬ್ಲ್ಯು ಓದಿ ಬಂದರೆ, ಮಕ್ಕಳು ನನ್ನಿಂದಲೇ ತಮ್ಮನ್ನು ರಕ್ಷಿಸಿಕೊಳ್ಳುತ್ತಿದ್ದರು.

ಹದಿನಾಲ್ಕು ವರ್ಷವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ನಿಲ್ದಾಣ, ಸಂತೆ, ಗ್ಯಾರೇಜು, ಕಲ್ಯಾಣ ಮಂಟಪಗಳೇ ನನ್ನ ಆಫೀಸು. ಹೊಸದಾಗಿ ಕೆಲಸಕ್ಕೆ ಸೇರಿದವರು “ಅಕ್ಕ, ಎಲ್ಲಿಂದ ಶುರು ಮಾಡೋದು?” ಅಂತ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ಕ್ರಮವೇನೂ ಇಲ್ಲ. ಕಲಿತದ್ದೂ ಕ್ರಮವಾಗಿ ಅಲ್ಲ.

1. ಮೊದಲ ಮೂರು ತಿಂಗಳು ರಿಜಿಸ್ಟರ್ ತೆಗೆಯಬೇಡಿ

ಹೆಸರು, ಊರು, ಅಪ್ಪನ ಹೆಸರು, ಎಷ್ಟನೇ ಕ್ಲಾಸು. ಬೀದಿಯಲ್ಲಿರುವ ಹುಡುಗನಿಗೆ ಈ ನಾಲ್ಕು ಪ್ರಶ್ನೆ ಕೇಳುವವರು ಇಬ್ಬರೇ: ಒಬ್ಬರು ಪೊಲೀಸರು, ಇನ್ನೊಬ್ಬರು ನಾವು. ಪೆನ್ನು ತೆಗೆದ ಕೂಡಲೇ ಅವನ ಕಣ್ಣಿಗೆ ಇಬ್ಬರೂ ಒಂದೇ. ನಾನು ಮೊದಲ ವಾರದಲ್ಲೇ ಹನ್ನೊಂದು ಹೆಸರು ಬರೆದುಕೊಂಡು ಹಿಗ್ಗಿದ್ದೆ. ಆಮೇಲೆ ತಿಳಿಯಿತು, ಹನ್ನೊಂದೂ ಸುಳ್ಳು. ಅದರಲ್ಲೊಬ್ಬ ತನ್ನ ಹೆಸರು ‘ಪುನೀತ್’ ಅಂದಿದ್ದ, ಅಪ್ಪನ ಹೆಸರು ‘ರಾಜಕುಮಾರ್’. ನಾನು ಅದನ್ನೂ ಬರೆದುಕೊಂಡಿದ್ದೆ!

ಆಮೇಲೆ ಚೀಲ ಬದಲಾಯಿಸಿದೆ. ದಿನಾ ಒಂದೇ ಹೊತ್ತಿಗೆ, ಒಂದೇ ಕಲ್ಲುಬೆಂಚಿನ ಮೇಲೆ ಹೋಗಿ ಕೂರುವುದಷ್ಟೇ ಕೆಲಸ. ಮಂಗಳವಾರ ಹೊಳೆನರಸೀಪುರ ಅಂದರೆ ಮಂಗಳವಾರವೇ. ಮಳೆಯಿರಲಿ, ಮೀಟಿಂಗ್ ಇರಲಿ. ಒಂದು ವಾರ ತಪ್ಪಿಸಿ ಹೋದಾಗ ಕಡಲೆಕಾಯಿ ಮಾರುವ ಹುಡುಗ “ಹೋದ್ವಾರ ಯಾಕ್ ಬರ್ನಿಲ್ಲ?” ಅಂತ ಕೇಳಿದ. ನನ್ನ ಕೆಲಸ ಶುರುವಾದದ್ದು ಆವತ್ತು.

2. ಬೆಂಗಳೂರಿನ ಕಣ್ಣಿನಲ್ಲಿ ನೋಡಬೇಡಿ

ನಾವು ಓದಿಕೊಂಡು ಬಂದ ಉದಾಹರಣೆಗಳೆಲ್ಲ ದೊಡ್ಡ ಊರಿನವು. ಬೆಂಗಳೂರಿನ ಬೀದಿ ಹುಡುಗರ ಜೊತೆ ಬಾಸ್ಕೊ ಸಂಸ್ಥೆ 1980ರಿಂದ ಕೆಲಸ ಮಾಡುತ್ತಿದೆ. 1992ರಲ್ಲಿ ರಾಯಚೂರಿನಲ್ಲಿ ಶುರುವಾದ ‘ಸಾಥಿ’ ಸಂಸ್ಥೆಯವರು ರೈಲ್ವೆ ಪ್ಲಾಟ್‌ಫಾರಂಗಳಲ್ಲೇ ಬೀಡುಬಿಟ್ಟು, ಓಡಿಬಂದ ಮಕ್ಕಳನ್ನು ಮನೆಗೆ ಮುಟ್ಟಿಸುವ ದಾರಿ ಹುಡುಕಿದರು. ಅವರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ನಮ್ಮ ಊರುಗಳಲ್ಲಿ ಫುಟ್‌ಪಾತ್ ಮೇಲೆ ಮಲಗುವ ಮಕ್ಕಳನ್ನೇ ಹುಡುಕಿಕೊಂಡು ಹೋದರೆ ಬೆರಳೆಣಿಕೆಯಷ್ಟು ಸಿಗುತ್ತಾರೆ. “ನಮ್ಮಲ್ಲಿ ಬೀದಿ ಮಕ್ಕಳೇ ಇಲ್ಲ” ಅಂತ ವರದಿ ಬರೆದು ಆರಾಮಾಗಿ ಇರಬಹುದು. ಬರೆದವರೂ ಇದ್ದಾರೆ.

ನಮ್ಮ ಹುಡುಗರಿಗೆ ರಾತ್ರಿ ಒಂದು ಸೂರು ಇರುತ್ತದೆ. ಗ್ಯಾರೇಜಿನ ಹಿಂದಿನ ಶೆಡ್ಡು, ಹೋಟೆಲಿನ ಅಟ್ಟ, ತೆಂಗಿನ ತೋಟದ ಪಂಪ್‌ಹೌಸು, ಕುಡಿದು ಬರುವ ಅಪ್ಪ ಮಲಗಿದ ಮೇಲೆ ಹೋಗಿ ಸೇರಿಕೊಳ್ಳುವ ಮನೆ. ಹಗಲು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಶಾಲೆಯ ಹಾಜರಿಯಲ್ಲಿಲ್ಲ, ಕೂಲಿಯ ಪಟ್ಟಿಯಲ್ಲಿಲ್ಲ.

ಇನ್ನೊಂದು ವಿಷಯ. ಹುಡುಗ ಮನೆ ಬಿಟ್ಟು ಹೋಗುವುದು ನಮ್ಮ ಕಡೆ ಹಳೆಯ ದಾರಿಯೇ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ ಹಾಸನ ಕಡೆಯವರು. ಅಲ್ಲಿಂದ ಇತ್ತ ಅಯ್ಯಂಗಾರ್ ಬೇಕರಿಗಳ ಬೆನ್ನು ಹಿಡಿದು ಈ ಜಿಲ್ಲೆಯ ಹಳ್ಳಿಗಳಿಂದ ಎಷ್ಟೋ ಹುಡುಗರು ನೆಂಟರ ಜೊತೆ, ಊರಿನವರ ಜೊತೆ ಹೋಗಿದ್ದಾರೆ. ಹೋಗಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಅದಕ್ಕೇ “ಮಗ ಎಲ್ಲಿ?” ಅಂತ ಕೇಳಿದರೆ ತಾಯಿ ಅಂಜಿಕೆಯಿಲ್ಲದೆ “ಬೇಕರಿಗೆ ಬಿಟ್ಟಿದೀವಿ” ಅನ್ನುತ್ತಾಳೆ. ಆ ಮಾತಿಗೆ ಮುಖ ಸಿಂಡರಿಸಿದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಯಾವ ಬೇಕರಿ, ಯಾವ ಏರಿಯಾ, ಹೋದ ತಿಂಗಳು ಫೋನು ಮಾಡಿದ್ದನಾ ಅಂತ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ತಡವಾದರೆ ಅಲ್ಲಿ ನಿಮಗೆ ಕೆಲಸ ಇದೆ.

3. ಸುಲಭ ಶೌಚಾಲಯದವರ ಸ್ನೇಹ ಮಾಡಿ

ನಿಲ್ದಾಣದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ಶೌಚಾಲಯದ ಕೌಂಟರಿನಲ್ಲಿ ಕೂರುವವರು. ಬೆಳಗಿನ ಐದು ಗಂಟೆಗೆ ಸ್ನಾನಕ್ಕೆ ಬಂದ ಹುಡುಗ ಎಲ್ಲಿಗೋ ಹೊರಟವನು. ಹತ್ತು ಗಂಟೆಗೆ ಮುಖ ಮಾತ್ರ ತೊಳೆದು ಹೋಗುವವನು ಎಲ್ಲಿಗೂ ಹೋಗದವನು. ಹೊಸ ಚೀಲ, ಹಳೆಯ ಚಪ್ಪಲಿ ಅಂದರೆ ಮನೆ ಬಿಟ್ಟು ಇಂದಿಗೆ ಮೊದಲ ದಿನ. ಇದನ್ನು ನನಗೆ ಹೇಳಿಕೊಟ್ಟವರು ಇಂಥ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತಿದ್ದ ಒಬ್ಬ ಯಜಮಾನರು. ಮಾಹಿತಿ ಕೊಟ್ಟಾಗಲೆಲ್ಲ ಕೊನೆಗೆ “ನಾನ್ ಹೇಳ್ದೆ ಅಂತ ಹೇಳ್ಬ್ಯಾಡಿ ಕಣವ್ವ” ಅಂತ ಸೇರಿಸುತ್ತಿದ್ದರು. ಸೈಕಲ್ ಸ್ಟ್ಯಾಂಡಿನವರು, ರಾತ್ರಿ ಟೀ ಮಾರುವವರು, ಕೊನೆ ಬಸ್ಸಿನ ಕಂಡಕ್ಟರು, ಇವರ ನಂಬರುಗಳು ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಇಲಾಖೆಯ ಅಷ್ಟೂ ನಂಬರು ಇದ್ದು ಪ್ರಯೋಜನವಿಲ್ಲ.

ಇಂಥ ಕಣ್ಣುಗಳು ರೈಲು ನಿಲ್ದಾಣದಲ್ಲೂ ಬೇಕು. ಹಾಸನ ಜಂಕ್ಷನ್ನಿಗೆ ಮಂಗಳೂರು, ಮೈಸೂರು, ಅರಸೀಕೆರೆ ಹಳಿಗಳ ಜೊತೆಗೆ 2017ರಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿನ ಹಳಿಯೂ ಕೂಡಿಕೊಂಡಿದೆ. ಮೊದಲು ಬೆಂಗಳೂರಿಗೆ ಹೋಗಬೇಕಾದರೆ ಹುಡುಗ ಬಸ್ ಚಾರ್ಜು ಹೊಂದಿಸಬೇಕಿತ್ತು. ಆ ಹೊಂದಿಸುವ ಹೊತ್ತಿನಲ್ಲಿ ಯಾರಾದರೂ ಮಾತಾಡಿಸುತ್ತಿದ್ದರು. ಈಗ ರೈಲು ಹತ್ತಿ ಕೂತರೆ ಆಯಿತು.

4. ಪಂಚಾಂಗ ಇಟ್ಟುಕೊಳ್ಳಿ

ಇಲಾಖೆಯ ಕ್ಯಾಲೆಂಡರಿನಲ್ಲಿ ಬಾಲಕಾರ್ಮಿಕ ವಿರೋಧಿ ದಿನ ಜೂನ್ 12. ಅವತ್ತು ಜಾಥಾ, ಬ್ಯಾನರು, ಬಿಸ್ಕತ್ತು. ಅರಕಲಗೂಡಿನ ಹುಡುಗರು ಶಾಲೆಯಿಂದ ಕಾಣೆಯಾಗುವುದು ಅದಾದ ಮೇಲೆ, ಹೊಗೆಸೊಪ್ಪು ಮುರಿಯುವ ಕಾಲಕ್ಕೆ.

ನೋಡದವರಿಗೆ ಹೇಳುತ್ತೇನೆ. ಗಿಡದ ಬುಡದಿಂದ ಎರಡೆರಡೇ ಎಲೆ ಮುರಿದು, ಹೊರೆ ಹೊತ್ತು ತಂದು, ದಾರದಲ್ಲಿ ಕಡ್ಡಿಗೆ ಕಟ್ಟಿ, ಕಡ್ಡಿಗಳನ್ನು ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಹದ ಮಾಡುವ ಗೂಡಿನೊಳಗೆ, ಅಂತಸ್ತು ಅಂತಸ್ತಾಗಿ ಏರಿಸಬೇಕು. ಆಮೇಲೆ ಐದಾರು ದಿನ ಹಗಲು ರಾತ್ರಿ ಸೌದೆ ಒಟ್ಟಿ ಕಾವು ಕಾಯಬೇಕು. ಕಾವು ಹೆಚ್ಚು ಕಮ್ಮಿಯಾದರೆ ಎಲೆಯ ಬಣ್ಣ ಕೆಡುತ್ತದೆ, ರಾಮನಾಥಪುರದ ಹರಾಜಿನಲ್ಲಿ ರೇಟು ಬೀಳುತ್ತದೆ. ಬ್ಯಾರನ್ನಿನ ಬಾಯಿಯ ಮುಂದೆ ರಾತ್ರಿಯಿಡೀ ಕೂತಿದ್ದ, ಎಂಟನೇ ಕ್ಲಾಸಿನಲ್ಲಿ ಹೆಸರಿದ್ದ ಹುಡುಗನೊಬ್ಬ ಹೇಳಿದ್ದು: “ನಿದ್ದೆ ಬಂದ್ರೆ ಅಪ್ಪ ಒದೀತದೆ ಕಣಕ್ಕ. ಸೊಪ್ಪು ಸುಟ್ಟೋದ್ರೆ ಸಾಲ ತೀರಲ್ಲ ಅಂತ ಅಳ್ತದೆ.” ಒದೆಯುವುದೂ ಅಳುವುದೂ ಒಬ್ಬನೇ ಅಪ್ಪ. ಬೆಳಗ್ಗೆ ಮಂಜಿನಲ್ಲಿ ಒದ್ದೆ ಎಲೆ ಮುರಿದ ದಿನ ಆ ಹುಡುಗನಿಗೆ ತಲೆಸುತ್ತು, ವಾಂತಿ. ಮನೆಯವರು ಪಿತ್ತ ಅಂದಿದ್ದರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಪೂರ್ತಿ ತೋಳಿನ ಹಳೆಯ ಅಂಗಿ, ಕೈಗೆ ಗ್ಲೌಸು, ಬಿಸಿಲೇರಿದ ಮೇಲೆ ಕೆಲಸ, ಇಷ್ಟನ್ನು ಮೊದಲು ಹೇಳಿದೆ. ಶಾಲೆಯ ಮಾತು ಎತ್ತಿದ್ದು ಮೂರನೇ ಭೇಟಿಯಲ್ಲಿ.

ಕಾನೂನು ಹೇಳಲು ಹೋದರೆ ಅಲ್ಲೊಂದು ಗಂಟಿದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14ರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಅಪಾಯವಿಲ್ಲದ ಮನೆಕಸುಬಿಗೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು. ಕುಟುಂಬ ಅಂದರೆ ಅಪ್ಪ ಅಮ್ಮ ಮಾತ್ರ ಅಲ್ಲ, ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಅತ್ತೆ ಎಲ್ಲರೂ ಸೇರುತ್ತಾರೆ. ಅದಕ್ಕೇ ತಪಾಸಣೆಗೆ ಹೋದಾಗ ಅರಕಲಗೂಡಿನ ಅಷ್ಟೂ ಬ್ಯಾರನ್ನುಗಳು ಯಾರಾದರೊಬ್ಬ ಚಿಕ್ಕಪ್ಪನವೇ ಆಗಿರುತ್ತವೆ. “ಅಪಾಯವಿಲ್ಲದ” ಅನ್ನುವ ಪದವನ್ನು ಚಿಕ್ಕಪ್ಪಂದಿರು ಓದಿರುವುದಿಲ್ಲ. ನೀವು ಓದಿರಬೇಕು.

ಉಳಿದ ಪಂಚಾಂಗ ಚಿಕ್ಕದು. ಆಲೂಗಡ್ಡೆ ಬಿತ್ತನೆ, ಆಮೇಲೆ ಕೀಳುವುದು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಬಲೂನು, ಹೂವು, ಭಿಕ್ಷೆಗೆ ಎಲ್ಲೆಲ್ಲಿಂದಲೋ ಬರುವ ಮಕ್ಕಳು. ಚಂಪಾಷಷ್ಠಿಗೆ ರಾಮನಾಥಪುರದ ಜಾತ್ರೆ. ಮತ್ತೆ ಎಲ್ಲಕ್ಕಿಂತ ದೊಡ್ಡದು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ.

5. ಫೇಲಾದವರ ಪಟ್ಟಿ ಕೇಳಿ

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ಶೇ. 89.33. ಊರೆಲ್ಲ ಫ್ಲೆಕ್ಸು. ಒಳ್ಳೆಯದೇ, ಮೇಷ್ಟ್ರುಗಳು ದುಡಿದಿದ್ದರು. ಆ ಸಂಭ್ರಮದಲ್ಲಿ ನಾನೊಂದು ಶಾಲೆಗೆ ಹೋಗಿ ಉಳಿದ ಹತ್ತು ಚಿಲ್ಲರೆಯ ಹೆಸರು ಕೇಳಿದೆ. “ಇವತ್ತು ಆ ಮಾತು ಬೇಡ ಮೇಡಂ” ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ಆದರೆ ಆ ಹುಡುಗರು ನನಗೆ ಮಾರನೇ ವಾರ ಸಿಕ್ಕಿದ್ದು ವಾಟರ್ ಸರ್ವಿಸ್ ಅಂಗಡಿಯಲ್ಲಿ, ಬೈಕಿಗೆ ಸೋಪಿನ ನೀರು ಹೊಡೆಯುತ್ತ.

ಈಗ ಒಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಒಂದರಲ್ಲಿ ಹೋದದ್ದನ್ನು ಮುಂದಿನದರಲ್ಲಿ ಹಿಡಿಯಬಹುದು. ಹುಡುಗರಿಗೆ ಇದು ಗೊತ್ತಿರುತ್ತದೆ. ಗೊತ್ತಿರದಿರುವುದು ಅರ್ಜಿಯ ಕೊನೆಯ ದಿನ. ಫಲಿತಾಂಶ ಬಂದ ಮೊದಲ ವಾರ ನಾನು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಆ ವಾರ ಹುಡುಗ ಇನ್ನೂ ವಿದ್ಯಾರ್ಥಿ. ಮುಂದಿನ ತಿಂಗಳು ಸಂಬಳ ಎಣಿಸಿದ ಮೇಲೆ ಅವನೇ ಬೇರೆ.

ಯುವನಿಧಿ ಬಂದಾಗ ಬಹಳ ಜನ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ. ಹತ್ತನೇ ಕ್ಲಾಸು ದಾಟದವನು ಪಟ್ಟಿಯಲ್ಲಿ ಇಲ್ಲ. “ಓದಿರೋರ್ಗೆ ಕೆಲ್ಸ ಇಲ್ದಿದ್ರೆ ದುಡ್ಡು, ಓದ್ದೆ ಇರೋರ್ಗೆ ಕೆಲ್ಸಾನೇ ದುಡ್ಡು” ಅಂದ ಒಬ್ಬ. ಯೋಜನೆಯ ವಿಮರ್ಶೆ ಇದಕ್ಕಿಂತ ಚುಟುಕಾಗಿ ನಾನು ಕೇಳಿಲ್ಲ.

6. ದುಡ್ಡು ಕೊಡಬೇಡಿ

ತಿಂಡಿ ಕೊಡಿಸಿ. ಕೊಡಿಸಿ ಹೋಗಬೇಡಿ, ಎದುರು ಕೂತು ನೀವೂ ತಿನ್ನಿ.

7. ಗುಟ್ಟು ಕಾಯುತ್ತೇನೆ ಅಂತ ಮಾತು ಕೊಡಬೇಡಿ

ಇದು ನನ್ನ ಅತಿ ದುಬಾರಿ ಪಾಠ. ಹದಿನೈದರ ಹುಡುಗಿಯೊಬ್ಬಳು, “ಯಾರ್ಗೂ ಹೇಳಲ್ಲ ಅಂತ ಆಣೆ ಮಾಡಕ್ಕ” ಅಂದಳು. ಮಾಡಿಬಿಟ್ಟೆ. ಅವಳು ಹೇಳಿದ್ದು ಹತ್ತಿರದ ನೆಂಟನೊಬ್ಬನ ವಿಷಯ. ಪೋಕ್ಸೊ ಕಾಯ್ದೆ ಪ್ರಕಾರ ಇಂಥದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. ತಿಳಿಸಿದೆ. ಅವಳಿಗೆ ರಕ್ಷಣೆ ಸಿಕ್ಕಿತು, ಪ್ರಕರಣ ನಡೆಯಿತು, ಎಲ್ಲ ಕಾನೂನಿನ ಹಾಗೇ ಆಯಿತು. ಅವಳು ಮಾತ್ರ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ತಿಳಿಸಿದ್ದು ತಪ್ಪಲ್ಲ, ಆಣೆ ಮಾಡಿದ್ದು ತಪ್ಪು.

ಈಗ ಮಾತು ಆ ಕಡೆ ತಿರುಗುವ ಸೂಚನೆ ಸಿಕ್ಕಿದ ಕೂಡಲೇ ಮೊದಲೇ ಹೇಳುತ್ತೇನೆ: “ಕೆಲವು ವಿಷಯ ಕೇಳಿದರೆ ನಾನು ಸುಮ್ಮನಿರುವ ಹಾಗಿಲ್ಲ. ಆದರೆ ಯಾರಿಗೆ ಹೇಳ್ತೀನಿ, ಯಾವಾಗ ಹೇಳ್ತೀನಿ ಅಂತ ನಿನಗೆ ಮೊದಲು ಹೇಳ್ತೀನಿ. ಜೊತೆಗೆ ನಾನೇ ಬರ್ತೀನಿ.” ಕೆಲವರು ಅಲ್ಲಿಗೇ ಎದ್ದು ಹೋಗುತ್ತಾರೆ. ಅದರಲ್ಲಿ ಬಹಳ ಜನ ಹದಿನೈದು ದಿನ ಬಿಟ್ಟು ವಾಪಸ್ ಬಂದಿದ್ದಾರೆ.

8. ಮದುವೆ ನಿಂತ ಮೂರನೇ ದಿನ ಹೋಗಿ

ಬಾಲ್ಯವಿವಾಹ ನಿಲ್ಲಿಸುವುದು ಈಗ ಅಷ್ಟು ಕಷ್ಟವಿಲ್ಲ. ಒಂದು ಫೋನು ಸಾಕು. ಪಂಚಾಯಿತಿಯವರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಡೆಯವರು, ಪೊಲೀಸರು ಜೀಪಿನಲ್ಲಿ ಬರುತ್ತಾರೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಮೇಲೆ ಇಂಥ ಮದುವೆ ಮೊದಲಿಂದಲೇ ಅಸಿಂಧು. ಮುಚ್ಚಳಿಕೆ ಬರೆಸಿಕೊಂಡು, ಫೋಟೊ ತೆಗೆದು, ಜೀಪು ಹೊರಟು ಹೋಗುತ್ತದೆ.

ಆಮೇಲಿನ ಮನೆಯನ್ನು ಒಮ್ಮೆ ನೆನೆಸಿಕೊಳ್ಳಿ. ಚಪ್ಪರ ಇನ್ನೂ ಬಿಚ್ಚಿಲ್ಲ. ಮಾಡಿದ ಅಡುಗೆಯನ್ನು ಯಾರೂ ತಿಂದಿಲ್ಲ. ತಂದ ಸಾಲ ಹಾಗೇ ಇದೆ. ಮನೆ ತುಂಬ ನೆಂಟರು, ಎಲ್ಲರ ಕಣ್ಣೂ ಕೈಗೆ ಮೆಹೆಂದಿ ಹಾಕಿಕೊಂಡ ಆ ಹುಡುಗಿಯ ಮೇಲೆ: ಫೋನು ಮಾಡಿದ್ದು ಇವಳೇ ಇರಬೇಕು. ಹೊಳೆನರಸೀಪುರ ತಾಲೂಕಿನ ಒಂದು ಹಳ್ಳಿಗೆ ನಾನು ಮೂರನೇ ದಿನ ಹೋದಾಗ ಅಜ್ಜಿ ನೀರು ಕೂಡ ಕೊಡಲಿಲ್ಲ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿಯ ಪಕ್ಕ ಕೂತು ನಾನೂ ಪಾತ್ರೆ ಉಜ್ಜಿದೆ. ಬಾಡಿಗೆಗೆ ತಂದ ಕೊಳಗ, ಸೌಟು. ಮಾರನೇ ದಿನ ವಾಪಸ್ ಕೊಡಬೇಕಿತ್ತು. ಅರ್ಧ ಗಂಟೆ ಆದ ಮೇಲೆ ಅಮ್ಮ ಬಂದು, “ಅಷ್ಟೊಂದು ಇದ್ರೆ ಕಾಲೇಜ್ಗೆ ನೀವೇ ಸೇರ್ಸಿ” ಅಂದರು, ಸಿಟ್ಟಿನಲ್ಲೇ. ಆ ಸಿಟ್ಟನ್ನೇ ಒಪ್ಪಿಗೆ ಅಂದುಕೊಂಡು ಪಿಯುಸಿಗೆ ಸೇರಿಸಿದೆವು.

ಕಾಲೇಜಿಗೆ ಹೋಗಿಬರುವ ಖರ್ಚೂ ಈಗ ಕಡಿಮೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಅದರಿಂದ ಹಳ್ಳಿಯ ಹುಡುಗಿಯರು ಹಾಸನದ ಕಾಲೇಜಿಗೆ, ಟೈಲರಿಂಗ್ ತರಬೇತಿಗೆ, ಗಾರ್ಮೆಂಟ್ಸಿಗೆ ಬರುತ್ತಿದ್ದಾರೆ. ಮನೆಯಲ್ಲಿ ಜಗಳವಾಡಿದವಳು ಆಧಾರ್ ಕಾರ್ಡು ಹಿಡಿದು ಮೈಸೂರಿಗೂ ಹೋಗಿಬಿಡಬಹುದು. ಎರಡೂ ನಿಜ. ಎರಡನೆಯದನ್ನು ಮುಂದಿಟ್ಟು ಮೊದಲನೆಯದನ್ನು ಬೈಯುವವರ ಜೊತೆ ನಾನು ವಾದ ಮಾಡುವುದು ಬಿಟ್ಟಿದ್ದೇನೆ.

9. ಸಲ್ಯೂಷನ್ ಕಿತ್ತುಕೊಳ್ಳಬೇಡಿ

ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಎಳೆಯುವ ಹುಡುಗರನ್ನು ಮೊದಲ ಸಲ ನೋಡಿದಾಗ ಟ್ಯೂಬು ಕಸಿದು ಚರಂಡಿಗೆ ಎಸೆದೆ. ಶೌರ್ಯ ಮಾಡಿದೆ ಅಂದುಕೊಂಡೆ. ಆ ಗುಂಪು ನಿಲ್ದಾಣ ಬಿಟ್ಟು ಹಳಿ ದಾಟಿ ಯಾರೂ ಹೋಗದ ಕಡೆ ಸೇರಿಕೊಂಡಿತು. ಕಣ್ಣೆದುರಿಗೆ ಇದ್ದವರನ್ನು ನಾನೇ ಕತ್ತಲೆಗೆ ಅಟ್ಟಿದ ಹಾಗಾಯಿತು. ಮಕ್ಕಳಿಗೆ ಅಮಲಿನ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಆ ಬಿಗಿಯನ್ನು ಮಾರುವವನ ಮುಂದೆ ತೋರಿಸಿ. ಎಳೆಯುವವನ ಮುಂದೆ ಸುಮ್ಮನೆ ಕೂತಿರಿ. ಅಮಲು ಇಳಿದ ಮೇಲೆ ಹಸಿವಾಗುತ್ತದೆ, ಆಗ ಮಾತಾಡುತ್ತಾನೆ.

ಗುಟ್ಕಾದ ವಿಷಯಕ್ಕೆ ಬಂದರೆ, 2025ರ ಮೇ, ಜೂನ್‌ನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ಹಗಲೂ ರಾತ್ರಿ ಬರುತ್ತಿತ್ತು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಅಂತ ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು. ಆ ಹೊತ್ತಿಗಂತೂ ನಾನು ವರ್ಷಗಟ್ಟಲೆ ಹೇಳಿದರೂ ಗುಟ್ಕಾ ಬಿಡದ ಹುಡುಗರು “ಅಕ್ಕ, ಇಸಿಜಿ ಮಾಡ್ಸೋಣ” ಅಂತ ಸಾಲಾಗಿ ಬಂದು ನಿಂತರು. ಭಯ ಒಳ್ಳೆಯ ಮೇಷ್ಟ್ರಲ್ಲ. ಬಂದಿದ್ದ ಮೇಷ್ಟ್ರನ್ನು ನಾನು ವಾಪಸ್ ಕಳಿಸಲಿಲ್ಲ.

10. ಹದಿನೈದಕ್ಕೆ ಬೆರಳು, ಹದಿನೆಂಟಕ್ಕೆ ಬಾಗಿಲು

ಆಧಾರ್‌ನಲ್ಲಿ ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಬೆರಳಚ್ಚು ಹೊಸದಾಗಿ ಕೊಡಬೇಕು. ಊರೂರು ಅಲೆಯುವ ಹುಡುಗ ಕೊಟ್ಟಿರುವುದಿಲ್ಲ. ಲಿಂಕ್ ಆದ ಫೋನ್ ನಂಬರು ಅವನು ಮಾತು ಬಿಟ್ಟ ಅಪ್ಪನದು. ಓಟಿಪಿ ಅಲ್ಲಿಗೆ ಹೋಗುತ್ತದೆ. ಬ್ಯಾಂಕಿನ ಖಾತೆ, ಐಟಿಐ ಅರ್ಜಿ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಆ ಓಟಿಪಿಯ ಹಿಂದೆ ಬಾಗಿಲು ಹಾಕಿಕೊಂಡಿರುತ್ತವೆ. ಎಷ್ಟೋ ಹುಡುಗರ ವಿಷಯದಲ್ಲಿ ನಾನು ಮಾಡಿದ ಇಡೀ ‘ಸಮಾಜಕಾರ್ಯ’ ಅಂದರೆ ಆಧಾರ್ ಕೇಂದ್ರದ ಟೋಕನ್ ಹಿಡಿದು ಕೂತದ್ದು.

ಬಾಲಮಂದಿರದ ಹುಡುಗನಿಗೆ ಹದಿನೆಂಟು ತುಂಬಿದರೆ ಹೊರಡಬೇಕು. 21ರವರೆಗೆ ನೆರವು ಕೊಡಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಕೇಳಿದವರಿಗೆ. ಹುಟ್ಟುಹಬ್ಬಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಬರೆಸಿ.

11. ಮದುವೆ ಮನೆಯಲ್ಲಿ ಬಡಿಸುವವರನ್ನು ನೋಡಿ

ಚನ್ನರಾಯಪಟ್ಟಣದ ಕಲ್ಯಾಣ ಮಂಟಪಗಳಲ್ಲಿ ನನಗೆ ಸಿಕ್ಕಷ್ಟು ಹುಡುಗರು ಯಾವ ನಿಲ್ದಾಣದಲ್ಲೂ ಸಿಕ್ಕಿಲ್ಲ. ಒಂದೇ ಬಣ್ಣದ ಟೀ ಶರ್ಟು, ತಲೆಗೆ ಟೋಪಿ, ಕೈಯಲ್ಲಿ ಸಾಂಬಾರಿನ ಬಕೀಟು. ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಕಾಂಟ್ರಾಕ್ಟರು “ನಾಳೆ 20 ಹುಡುಗರು ಬೇಕು” ಅಂತ ಹಾಕುತ್ತಾನೆ, ಬೆಳಗ್ಗೆ ನಾಲ್ಕಕ್ಕೆ ಗಾಡಿ ಬರುತ್ತದೆ. ಕಾಲೇಜಿನ ಹುಡುಗರೂ ಇರುತ್ತಾರೆ, ಓದು ಬಿಟ್ಟವರೂ ಇರುತ್ತಾರೆ, ಅವರ ಸಂದಿಯಲ್ಲಿ ನೀರಿನ ಲೋಟ ಇಡಲು ಹನ್ನೆರಡರ ಒಬ್ಬ. ಸಾವಿರ ಜನರ ಎದುರಿಗೆ ದುಡಿಯುತ್ತಾರೆ. ಯಾರೂ ಮುಖ ನೋಡಿರುವುದಿಲ್ಲ, ಎಲೆಯ ಮೇಲೆ ಬೀಳುವ ಪಾಯಸ ನೋಡಿರುತ್ತಾರೆ.

ನಾನು ಕಾಂಟ್ರಾಕ್ಟರುಗಳ ಮೇಲೆ ದೂರು ಕೊಡುವುದರಿಂದ ಶುರು ಮಾಡಲಿಲ್ಲ. ಒಬ್ಬರನ್ನು ಹಿಡಿದು ಕೂರಿಸಿ, 14ರ ಒಳಗಿನವರು ಬೇಡವೇ ಬೇಡ, ಪರೀಕ್ಷೆಯ ತಿಂಗಳು ಹತ್ತನೇ ಕ್ಲಾಸಿನವರನ್ನು ಕರೆಯಬಾರದು, ಕೂಲಿ ಅವತ್ತೇ ಕೈಗೆ ಕೊಡಬೇಕು ಅಂತ ಮೂರು ಮಾತಿಗೆ ಒಪ್ಪಿಸಿದೆ. ಎರಡನ್ನು ಪಾಲಿಸುತ್ತಿದ್ದಾರೆ. ಯಾವ ಹುಡುಗ ಬರುವುದು ನಿಲ್ಲಿಸಿದರೂ ಈಗ ಅವರೇ ಫೋನು ಮಾಡಿ, “ಅವ್ನು ಎರಡ್ ಮದ್ವೆಗ್ ಬಂದಿಲ್ಲ ಮೇಡಂ, ಸ್ವಲ್ಪ ನೋಡಿ” ಅನ್ನುತ್ತಾರೆ. ಕಾಣದಿದ್ದಾಗ ಎಲ್ಲಿ ಹೋದ ಅಂತ ಕೇಳುವವರು ಊರಿನಲ್ಲಿ ಮೂರು ಜನ ಇದ್ದರೆ ಆ ಹುಡುಗನ ಫೈಲನ್ನು ನಾನು ಮುಚ್ಚುತ್ತೇನೆ. ಫಾರ್ಮಿನಲ್ಲಿ ಇದಕ್ಕೆ ಕಾಲಂ ಇಲ್ಲ, ಮಾರ್ಜಿನ್ನಿನಲ್ಲಿ ಬರೆದುಕೊಳ್ಳುತ್ತೇನೆ.

ಇದನ್ನು ಓದುತ್ತಿರುವವರ ಮನೆಯಲ್ಲೂ ಈ ವರ್ಷ ಒಂದು ಮದುವೆಯೋ ಗೃಹಪ್ರವೇಶವೋ ಇದ್ದೀತು. ಬಡಿಸುವ ಹುಡುಗರಿಗೆ ಊಟ ಸಿಗುವುದು ಎಲ್ಲ ಪಂಕ್ತಿ ಮುಗಿದ ಮೇಲೆ, ನಾಲ್ಕು ಗಂಟೆಗೆ, ಸಿಹಿ ಖಾಲಿಯಾದ ಮೇಲೆ. ಎರಡನೇ ಪಂಕ್ತಿಯಲ್ಲಿ ಅವರಲ್ಲಿ ಅರ್ಧ ಜನರನ್ನು ಕೂರಿಸಿ ನೀವೇ ಬಡಿಸಿ. ಬಡಿಸುವಾಗ ಯಾವ ಊರು, ಎಷ್ಟು ವಯಸ್ಸು ಅಂತ ಕೇಳಿ. ಹದಿನಾಲ್ಕರ ಒಳಗೆ ಅಂತ ಕಂಡರೆ 1098ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.